ಅಕ್ಕ ಮುಟ್ಟಿದ ಮಂತ್ರಿ

ನನಗೆ ಟೈಪಿಂಗ್ ಕಲಿಸಿದವಳೂ ಚೆಸ್ ಕಲಿಸಿದವಳೂ ಒಬ್ಬಳೇ. ಆ ಎರಡನ್ನೂ ಕಲಿತುಕೊಂಡು ಹೋಗಿ ನಾನು ಅವಳ ಬಾಯಿಗೆ ಬಂದಿದ್ದ ತುತ್ತನ್ನೇ ಕಿತ್ತುಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಕೊನೆಯವರೆಗೂ ಒಳ್ಳೆಯವಳ ಹಾಗೆ ಮುಖ ಮಾಡಿಕೊಂಡು ಕೂರುವ ತಾಳ್ಮೆ ನನಗಿಲ್ಲ.

ನಮ್ಮೂರು ಬಂಗಾರಪೇಟೆಯಿಂದ ಎರಡು ಮೈಲಿ. ಎರಡು ಹಸು, ಒಂದು ತುಂಡು ರಾಗಿ ಹೊಲ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದು, ಇಷ್ಟೇ ನಮ್ಮ ಸಂಸಾರ. ಪಿಯುಸಿ ಮುಗಿದ ಮೇಲೆ ಸುಮ್ಮನೆ ಕೂತರೆ ಕೆಟ್ಟುಹೋಗುತ್ತೇನೆ ಎಂದು ಅಪ್ಪ ನನ್ನನ್ನು ರಾಬರ್ಟ್‌ಸನ್‌ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ. ಮಾರ್ಕೆಟ್ಟಿನ ಹಿಂದೆ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಎಂಟು ಹಳೆಯ ಮಿಷನ್ನುಗಳಿದ್ದವು. ಅದರಲ್ಲಿ ಎರಡಕ್ಕೆ ಕೆಲವು ಅಕ್ಷರಗಳೇ ಬೀಳುತ್ತಿರಲಿಲ್ಲ. ಅವನ್ನು ಹೊಸಬರಿಗೇ ಕೊಡುತ್ತಿದ್ದರು.

ಅಲ್ಲಿ ಕಲಿಸುತ್ತಿದ್ದವಳು ಅಕ್ಕ. ಸ್ವಂತ ಅಕ್ಕನಲ್ಲ, ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಕಪ್ಪಗೆ, ಸಣ್ಣಗೆ, ಬೆನ್ನು ನೆಟ್ಟಗೆ. ಚಿನ್ನದ ಗಣಿಯವರು ಕಾರ್ಮಿಕರಿಗೆ ಕಟ್ಟಿಸಿಕೊಟ್ಟ ಲೈನು ಮನೆಯವಳು. ಅವಳಪ್ಪ ಗಣಿಯ ಒಳಗಿಳಿದು ದುಡಿಯುತ್ತಿದ್ದರು. ಮನೆಯ ಮಾತು ತಮಿಳು, ನಮ್ಮೊಡನೆ ಕನ್ನಡ, ಕೆಳಗಿನ ಬಟ್ಟೆ ಅಂಗಡಿಯವರ ಜೊತೆ ತೆಲುಗು. ಬೈಯುವುದು ಮಾತ್ರ ಯಾರನ್ನಾದರೂ ತಮಿಳಿನಲ್ಲೇ. ನಾವು ಮಿಷನ್ನು ಕುಟ್ಟುವಾಗ ಅವಳು ಮೂಲೆಯ ಮೇಜಿನಲ್ಲಿ ಒಂದು ಚೌಕದ ಹಲಗೆ ಇಟ್ಟುಕೊಂಡು, ಎರಡೂ ಕಡೆ ತಾನೇ ಆಡುತ್ತಿದ್ದಳು. ಗಣಿಯವರ ಕ್ಲಬ್ಬಿನಲ್ಲಿ ಅವಳಪ್ಪ ಕಲಿತು ಮಗಳಿಗೆ ಕಲಿಸಿದ ಆಟವಂತೆ.

"ಇದೇನಕ್ಕ, ಚೌಕಾಬಾರಾನಾ?" ಎಂದು ಕೇಳಿದೆ ಒಂದು ದಿನ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಚೌಕಾಬಾರದಲ್ಲಿ ಕವಡೆ ಏನ್ ಹೇಳ್ತೋ ಅಂಗೆ ನೀನ್ ನಡೀಬೇಕು ತಂಗಚ್ಚಿ. ಇದ್ರಲ್ಲಿ ಕವಡೆ ಇಲ್ಲ. ಸೋತ್ರೆ ತಪ್ಪೆಲ್ಲಾ ನಿಂದೇ. ಬೇಕಾ?"

ಬೇಕು ಎಂದೆ. ಯಾಕೆ ಎಂದೆನೋ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ನನ್ನ ತಪ್ಪು ನನ್ನದು, ನನ್ನ ಸರಿ ನನ್ನದು ಎಂದು ಯಾರೂ ಹೇಳಿರಲಿಲ್ಲ, ಅದಕ್ಕೇ ಇರಬೇಕು.

ಕ್ಲಾಸು ಮುಗಿದ ಮೇಲೆ ಅವಳು ನನ್ನ ಜೊತೆ ಸ್ಟೇಷನ್ನಿನವರೆಗೆ ಬರುತ್ತಿದ್ದಳು. ಮಾರಿಕುಪ್ಪಂನಿಂದ ಬರುವ ಗಾಡಿಗೆ ಕಾಯುತ್ತ ಪ್ಲಾಟ್‌ಫಾರಂ ಬೆಂಚಿನ ಮೇಲೆ ಆಡುತ್ತಿದ್ದೆವು. ತೂತುಗಳಿಗೆ ಕಾಯಿ ಸಿಕ್ಕಿಸುವ ಸಣ್ಣ ಬೋರ್ಡು ಅವಳ ಚೀಲದಲ್ಲಿರುತ್ತಿತ್ತು. ಗಾಡಿ ತಡವಾದಷ್ಟೂ ನನ್ನ ಆಟ ಸುಧಾರಿಸಿತು. ನಮ್ಮ ರೈಲ್ವೆಯಿಂದ ಇಷ್ಟು ಉಪಕಾರ ಬೇರೆ ಯಾರಿಗೂ ಆಗಿರಲಿಕ್ಕಿಲ್ಲ. ಆನೆ, ಕುದುರೆ, ಒಂಟೆ, ಮಂತ್ರಿ ಎಲ್ಲದರ ನಡೆಯನ್ನೂ ಹೇಳಿಕೊಟ್ಟಳು. ರಾಜನ ಮುಂದೆ ಮೂರು ಕಾಲಾಳುಗಳನ್ನು ನಿಲ್ಲಿಸಿ ಕೋಟೆ ಕಟ್ಟುವುದನ್ನೂ, ಆ ಕೋಟೆಯಲ್ಲೇ ರಾಜ ಉಸಿರುಕಟ್ಟದ ಹಾಗೆ ಸಮಯ ನೋಡಿ ಒಂದು ಕಿಟಕಿ ತೆಗೆಯುವುದನ್ನೂ ಹೇಳಿಕೊಟ್ಟಳು. ಆನೆ ಕೈಯಲ್ಲಿ ಹಿಡಿದು ನಾನು ಅಲ್ಲಿ ಇಲ್ಲಿ ಎಂದು ತಡಕಾಡಿದರೆ ಕೈ ಮೇಲೆ ಹೊಡೆಯುತ್ತಿದ್ದಳು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ನಿಯಮ.

ಅವಳನ್ನು ಮೊದಲ ಸಲ ಸೋಲಿಸಲು ನನಗೆ ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಸೋತ ಖುಷಿಗೆ ಅವಳೇ ಬನ್ನು ಕೊಡಿಸಿದಳು.

ಆಮೇಲಿನ ಐದಾರು ವರ್ಷ ನಾವಿಬ್ಬರೂ ಕೋಲಾರ, ಬೆಂಗಳೂರು, ಮೈಸೂರು ಎಂದು ಪಂದ್ಯ ಇದ್ದಲ್ಲೆಲ್ಲ ಹೋದೆವು. ಎಷ್ಟೋ ಕಡೆ ಆಡುವ ಹೆಂಗಸರೆಂದರೆ ನಾವಿಬ್ಬರೇ. ಅವಳಿಗೆ ಸೋತ ಗಂಡಸರಿಗೆಲ್ಲ ಅವತ್ತೇ ತಲೆನೋವು ಬಂದಿರುತ್ತಿತ್ತು. ರಾಜ್ಯ ಮಟ್ಟದಲ್ಲಿ ಆಡಿ ಬಂದವರನ್ನು ನಮ್ಮ ಕಡೆ ಮಾಸ್ಟರ್ ಎಂದೇ ಕರೆಯುತ್ತಿದ್ದರು. ನಮ್ಮೂರಿನವರು ಅದನ್ನೂ ಬಿಡದೆ "ಏನ್ ಮಾಸ್ಟ್ರಮ್ಮ, ಇವತ್ತು ಯಾವ ರಾಜನ್ನ ಸಾಯಿಸ್ಬುಟ್ಟು ಬಂದೆ?" ಎಂದು ಡೈರಿ ಮುಂದೆ ನಿಲ್ಲಿಸಿ ಕೇಳುತ್ತಿದ್ದರು. ಆ ವರ್ಷಗಳಲ್ಲಿ ನಾನು ಸುಖವಾಗಿದ್ದೆ. ಆಗ ಅದು ಸುಖ ಎಂದು ಗೊತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಕೆಲಸದ ಸುದ್ದಿ ಬಂತು. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕ್ರೀಡಾ ಕೋಟಾದಲ್ಲಿ ಒಬ್ಬಳು ಟೈಪಿಸ್ಟ್ ಬೇಕಂತೆ. ಚೆಸ್ ಆಡುವವಳಾಗಿರಬೇಕು. ಬಂಗಾರಪೇಟೆಯಲ್ಲಿ ನಡೆಯುವ ಹೆಂಗಸರ ಆಯ್ಕೆ ಪಂದ್ಯದಲ್ಲಿ ಮೊದಲು ಬಂದವಳಿಗೆ ಆರ್ಡರ್ ಗ್ಯಾರಂಟಿ. ಒಂದೇ ಕೆಲಸ. ಹೆಸರು ಕೊಟ್ಟವರು ಎಂಟು ಜನ. ಗೆಲ್ಲುವವರು ನಮ್ಮಿಬ್ಬರಲ್ಲಿ ಒಬ್ಬರು ಎಂದು ಆ ಎಂಟು ಜನಕ್ಕೂ ಗೊತ್ತಿತ್ತು.

ನನಗೆ ಆ ಕೆಲಸ ಯಾಕೆ ಬೇಕಿತ್ತು ಎಂದರೆ, ನನ್ನ ಸೋದರಮಾವನ ದೆಸೆಯಿಂದ. ಅವ್ವನ ತಮ್ಮ, ನನಗಿಂತ ಹದಿನೇಳು ವರ್ಷಕ್ಕೆ ದೊಡ್ಡವನು. ಹೆಂಡತಿ ತೀರಿಹೋಗಿದ್ದಳು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದಲ್ಲ. ತಮ್ಮ ಬಂದು ಜಗಲಿಯ ಮೇಲೆ ಕೂತು ಅತ್ತನಂತೆ, ಅವ್ವ ಅವತ್ತೇ ಮಾತು ಕೊಟ್ಟಳಂತೆ. "ಹೊರಗಿಂದ ಯಾಕ್ ತರ್ಬೇಕು, ಮನೇಲೇ ಐತಲ್ಲ ಹೆಣ್ಣು" ಎಂದಳಂತೆ. ಹಿಟ್ಟಿನ ಡಬ್ಬದಲ್ಲಿ ಹಿಟ್ಟು ಇದೆ ಎಂದ ಹಾಗೆ.

ನಾನು ಅತ್ತೆ, ಉಪವಾಸ ಕೂತೆ, ಹೊಲಕ್ಕೆ ಹೋಗಿ ಕಿರುಚಿದೆ. ಕಡೆಗೆ ಅಪ್ಪ ಹಾಲು ಹಿಂಡುತ್ತ, ನನ್ನ ಕಡೆ ನೋಡದೆ ಹೇಳಿದ: "ಆ ಕೆಲ್ಸದ ಆರ್ಡ್ರು ಬತ್ತೈತಾ ನೋಡು. ಬಂದ್ರೆ ನಿಮ್ಮವ್ವುನ್ ತಾವ ನಾನೇ ಮಾತಾಡ್ತೀನಿ. ಬರ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ತಾಳಿ ಕಟ್ಟಿಸ್ಕೊ."

ಅಕ್ಕನಿಗೂ ಆ ಕೆಲಸ ಬೇಕಿತ್ತು. ಅವಳಪ್ಪ ಹಿಂದಿನ ವರ್ಷ ಎದೆಯ ತುಂಬ ಗಣಿಯ ಧೂಳು ತುಂಬಿಕೊಂಡು ತೀರಿಹೋಗಿದ್ದರು. ದುಡಿಯುವವರೇ ಹೋದ ಮೇಲೆ ಲೈನು ಮನೆ ಖಾಲಿ ಮಾಡಬೇಕು. ತಾಯಿ ಮಗಳು ಇಬ್ಬರೇ. ಆರ್ಡರ್ ಬಂದರೆ ಬಂಗಾರಪೇಟೆಯಲ್ಲಿ ಒಂದು ಬಾಡಿಗೆ ಮನೆ ಮಾಡಿ, ದಿನಾ ಬೆಂಗಳೂರಿಗೆ ಓಡಾಡುವುದು ಅವಳ ಯೋಚನೆ. ಮನೆಯನ್ನೂ ನೋಡಿಟ್ಟಿದ್ದಳು. ನನ್ನ ಮಾವನ ವಿಷಯ ಅವಳಿಗೆ ಗೊತ್ತಿತ್ತು, ಅವಳ ಮನೆಯ ವಿಷಯ ನನಗೆ ಗೊತ್ತಿತ್ತು. "ಯಾರ್ ಗೆದ್ರೂ ಒಂದೇ ಬಿಡು" ಎಂದಳು. "ಹೂಂ ಅಕ್ಕ, ಒಂದೇ" ಎಂದೆ. ಇಬ್ಬರೂ ಸುಳ್ಳು ಹೇಳಿದ್ದು ಅದೇ ಮೊದಲು.

ಪಂದ್ಯ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಮದುವೆಯ ಊಟದ ಮೇಜುಗಳನ್ನೇ ಜೋಡಿಸಿ ಬೋರ್ಡು ಇಟ್ಟಿದ್ದರು. ಮಡಚುವ ಕಬ್ಬಿಣದ ಕಾಲುಗಳ ಮೇಲೆ ಉದ್ದದ ಹಲಗೆ. ಮೊಣಕೈ ಊರಿದರೂ ಅಲ್ಲಾಡುತ್ತಿತ್ತು. ಕೊನೆಯ ಸುತ್ತಿಗೆ ಬರುವಾಗ ಅಕ್ಕ ನನಗಿಂತ ಅರ್ಧ ಪಾಯಿಂಟ್ ಮುಂದಿದ್ದಳು. ಆ ಸುತ್ತಿನಲ್ಲಿ ನಮ್ಮಿಬ್ಬರಿಗೇ ಜೋಡಿ ಬಿತ್ತು. ಆಟ ಸಮವಾದರೆ ಕೆಲಸ ಅವಳದು. ನಾನು ಗೆಲ್ಲಲೇಬೇಕಿತ್ತು.

ಬೆಳಿಗ್ಗೆ ಹತ್ತಕ್ಕೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ನಾನು ಸೋತಿದ್ದೆ. ಅಂದರೆ ಆಟ ಇನ್ನೂ ಮುಗಿದಿರಲಿಲ್ಲ. ಆದರೆ ನನ್ನ ಒಂದು ಕುದುರೆ ಪುಕ್ಕಟೆ ಹೋಗಿತ್ತು, ಅವಳ ಕಾಲಾಳು ಒಂದು ಬದಿಯಿಂದ ಮೆಲ್ಲಗೆ ಇಳಿದು ಬರುತ್ತಿತ್ತು. ಅದು ನನ್ನ ಕಡೆಯ ಕೊನೇ ಸಾಲು ಮುಟ್ಟಿದರೆ ಅವಳಿಗೆ ಎರಡನೇ ಮಂತ್ರಿ. ನನಗೆ ಉಳಿದಿದ್ದ ಆಸೆ ಒಂದೇ. ಅವಳ ರಾಜ ಮೂಲೆಯ ಕೋಟೆಯಲ್ಲಿದ್ದ, ಕಿಟಕಿ ಇನ್ನೂ ತೆಗೆದಿರಲಿಲ್ಲ. ನನ್ನ ಆನೆಯನ್ನು ಖಾಲಿ ಸಾಲಿಗೆ ತಂದೆ. ಅದು ಅವಳ ಕೊನೇ ಸಾಲಿಗೆ ನುಗ್ಗಿದರೆ ಚೆಕ್‌ಮೇಟ್. ನುಗ್ಗದ ಹಾಗೆ ಕಾಯುತ್ತಿದ್ದದ್ದು ಅವಳ ಮಂತ್ರಿ. ಆ ಮಂತ್ರಿ ನಿಂತಲ್ಲೇ ನಿಂತು, ಅವಳು ಒಂದು ಕಾಲಾಳನ್ನು ಒಂದು ಮನೆ ಸರಿಸಿ ಕಿಟಕಿ ತೆಗೆದರೆ ಮುಗಿಯಿತು, ನನ್ನ ಆಸೆಯೂ ಮುಗಿಯಿತು. ಇಷ್ಟು ಅವಳಿಗೆ ಕಾಣದೇ ಇರುತ್ತದೆಯೇ? ಕಲಿಸಿದವಳೇ ಅವಳು.

ನಾನು ಆನೆ ನಡೆಸಿ ಗಡಿಯಾರದ ಗುಂಡಿ ಒತ್ತಿದಾಗ ಅವಳು ನೀರು ಕುಡಿಯಲು ಎದ್ದುಹೋಗಿದ್ದಳು. ವಾಪಸ್ ಬಂದಳು. ನಿಂತೇ ಬೋರ್ಡು ನೋಡಿದಳು. ಅವಳ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಬಂದದ್ದನ್ನು ನಾನು ನೋಡಿದೆ. ಸೀರೆಯ ನಿರಿಗೆ ಹಿಡಿದು ಕುರ್ಚಿ ಎಳೆದುಕೊಂಡು ಕೂರುವಾಗ ಅವಳ ಕಾಲು ಮೇಜಿನ ಕಾಲಿಗೆ ತಗುಲಿತು. ಹಲಗೆ ನಡುಗಿತು, ಕಾಯಿಗಳೆಲ್ಲ ಒಂದು ಸಲ ಕುಣಿದವು. ಯಾವುದೂ ಬೀಳಲಿಲ್ಲ.

ಪುಸ್ತಕಕ್ಕೆ ಕಾಲು ತಗುಲಿದರೆ, ತಕ್ಕಡಿಗೆ ತಗುಲಿದರೆ, ಮೊರಕ್ಕೆ ತಗುಲಿದರೆ ನಾವು ಏನು ಮಾಡುತ್ತೇವೆ? ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಯಾರೂ ಯೋಚಿಸಿ ಮಾಡುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಅಕ್ಕನ ಕೈಯೂ ಹೋಯಿತು. ಅವಳ ಬಲಗೈಯ ಎರಡು ಬೆರಳು ಎದುರಿಗಿದ್ದ ಮಂತ್ರಿಯ ತಲೆ ಮುಟ್ಟಿ, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಹೋದವು.

"ಮಂತ್ರಿ ಮುಟ್ಟಿದ್ದೀರಿ" ಎಂದೆ.

ಅಷ್ಟು ವರ್ಷದಲ್ಲಿ ಅವಳನ್ನು ನಾನು ಬಹುವಚನದಲ್ಲಿ ಮಾತಾಡಿಸಿದ್ದು ಅವತ್ತೇ. ಅವಳಿಗೆ ಅರ್ಥವಾಗಲಿಲ್ಲ. "ಏನು?" ಎಂದಳು. ನಾನು ಕೈ ಎತ್ತಿ ತೀರ್ಪುಗಾರರನ್ನು ಕರೆದೆ.

ಅವರು ನಿವೃತ್ತ ಮೇಷ್ಟ್ರು, ನಿಧಾನಸ್ಥರು. ಬಂದು ಬಗ್ಗಿ ನೋಡಿ, "ಮುಟ್ಟಿದ್ರಾಮ್ಮ?" ಎಂದು ಅವಳನ್ನು ಕೇಳಿದರು.

"ಮುಟ್ಟಿದೆ ಸಾರ್. ಕಾಲ್ ತಗುಲ್ತು, ಅದಕ್ಕೆ ಕಣ್ಣಿಗ್ ಒತ್ಕೊಂಡೆ. ನಡ್ಸೋಕಲ್ಲ."

ಸುತ್ತ ನಾಲ್ಕು ಜನ ಸೇರಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನೋಡಮ್ಮ, ನಾನು ನೋಡಿಲ್ಲ. ಎದುರು ಕೂತಿದ್ದವರು ನೀವು. ನಮಸ್ಕಾರ ಮಾಡೋಕೆ ಮುಟ್ಟಿದ್ದು ಅಂತ ನೀವು ಒಪ್ಪಿದ್ರೆ ಆಟ ಹಾಗೇ ಮುಂದುವರೀಲಿ. ನಡೆಸೋಕೆ ಮುಟ್ಟಿದ್ದು ಅಂದ್ರೆ ಮಂತ್ರೀನೇ ನಡೆಸ್ಬೇಕಾಗುತ್ತೆ. ಏನ್ ಹೇಳ್ತೀರಿ?"

ನಾನು ಬೋರ್ಡಿನಿಂದ ತಲೆ ಎತ್ತಲಿಲ್ಲ. ಆ ಹೊತ್ತಿನಲ್ಲಿ ಮಾವನ ಮುಖ ಕಣ್ಣ ಮುಂದೆ ಬಂತು ಎಂದು ಬರೆದರೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟಬಹುದು. ಬರಲಿಲ್ಲ. ಅವಳ ರಾಜನಿಗೆ ಕಿಟಕಿ ಇಲ್ಲ, ಮಂತ್ರಿ ಸರಿದರೆ ನಾನು ಗೆಲ್ಲುತ್ತೇನೆ, ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ನನಗೆ ಗೆಲ್ಲಬೇಕಿತ್ತು.

"ನಡ್ಸೋಕೇ ಮುಟ್ಟಿದ್ದು ಸಾರ್" ಎಂದೆ.

ಗಡಿಯಾರ ಮತ್ತೆ ಓಡಿತು. ಅಕ್ಕ ಇಪ್ಪತ್ತು ನಿಮಿಷ ಕೂತಳು. ಮಂತ್ರಿ ಎಲ್ಲಿಗೆ ಹೋದರೂ ನನ್ನ ಆನೆಗೆ ದಾರಿ ಸಿಗುತ್ತಿತ್ತು. ದಾರಿ ಬಿಡದ ಮನೆ ಒಂದೇ ಇತ್ತು, ಅಲ್ಲಿಗೆ ಹೋದರೆ ನನ್ನ ಒಂಟೆ ಅದನ್ನು ಹೊಡೆಯುತ್ತಿತ್ತು. ಅವಳು ಆ ಮನೆಗೇ ಇಟ್ಟಳು. ಹೊಡೆದೆ. ಇನ್ನೂ ನಾಲ್ಕು ನಡೆ ಆಡಿ ತನ್ನ ರಾಜನನ್ನು ತಾನೇ ಮಲಗಿಸಿ ಕೈ ಚಾಚಿದಳು. ಅವಳ ಅಂಗೈ ಒದ್ದೆಯಾಗಿತ್ತು. ಯಾವಾಗಿನಂತೆ ಕಾಯಿಗಳನ್ನೆಲ್ಲ ಎಣಿಸಿ ಡಬ್ಬಕ್ಕೆ ಹಾಕಿದಳು. "ಬತ್ತೀನಿ, ಗಾಡಿ ಹೊತ್ತಾಯ್ತು" ಎಂದಳು. ಅವಳ ಜೊತೆ ಸ್ಟೇಷನ್ನಿಗೆ ಹೋಗಲು ನನಗೆ ಮುಖವಿರಲಿಲ್ಲ. ಗುರುವಿಗೇ ತಿರುಮಂತ್ರ ಎನ್ನುವುದನ್ನು ಜನ ಹೆಮ್ಮೆಯಿಂದಲೂ ಹೇಳುವುದುಂಟು. ಹೇಳುವವರು ಮಾಡಿ ನೋಡಿರುವುದಿಲ್ಲ.

ಮೂರು ತಿಂಗಳಿಗೆ ಆರ್ಡರ್ ಬಂತು. ಅಪ್ಪ ಅದನ್ನು ದೇವರ ಪಟದ ಹಿಂದೆ ಇಟ್ಟ. ಆಡಿದ ಮಾತಿನಂತೆ ಅವ್ವನ ಹತ್ತಿರ ಮಾತಾಡಿದ. ಅವ್ವ ಒಂದು ತಿಂಗಳು ಅಪ್ಪನಿಗೆ ಊಟಕ್ಕಿಡುವಾಗ ತಟ್ಟೆ ಕುಕ್ಕಿದಳು. ಆಮೇಲೆ ಮಾವನೇ ಬಂದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡು ನಾನು ಒಳಗೆ ಕದ ಹಾಕಿಕೊಂಡೆ. ಅವನು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, "ಕೆಲ್ಸ ಸಿಕ್ಕಿದ್ರೆ ಸಿಗ್ಲಿ ಬಿಡಕ್ಕ, ಒಳ್ಳೇದೇ ಆಯ್ತು. ಬಂಗಾರಪೇಟೆಯಾಗೇ ಮನೆ ಮಾಡನ. ಓಡಾಡ್ಕೊಂಡು ಇರ್ಲಿ, ನಾನೇನ್ ಬ್ಯಾಡ ಅಂತೀನಾ" ಎಂದ. ಬೇಡ ಎನ್ನಲು ಅಪ್ಪ ಹಿಡಿದಿದ್ದ ಕಾರಣವನ್ನು ಮಾವ ಬೇಕು ಎನ್ನುವ ಕಾರಣ ಮಾಡಿಕೊಂಡಿದ್ದ. ನಾನು ಒಂದೂವರೆ ವರ್ಷ ಎಳೆದೆ. ಅವ್ವನಿಗೆ ಎದೆನೋವು ಬಂತು, ಆಸ್ಪತ್ರೆಯ ಮಂಚದ ಮೇಲಿಂದಲೇ ಕೈ ಮುಗಿದಳು. ನಮ್ಮ ಮದುವೆಯಾದದ್ದು ಅದೇ ಕಲ್ಯಾಣ ಮಂಟಪದಲ್ಲಿ ಎಂದು ಹೇಳಿದರೆ ಕಥೆ ಕಟ್ಟುತ್ತಿದ್ದೇನೆ ಎನ್ನುತ್ತೀರಿ. ಅಲ್ಲ, ಊರ ದೇವಸ್ಥಾನದಲ್ಲಿ ಆಯಿತು, ಕಾಲು ಗಂಟೆಯಲ್ಲಿ.

ಮಾವ ಕೆಟ್ಟವನಲ್ಲ. ಹೊಡೆಯಲಿಲ್ಲ, ಕುಡಿಯಲಿಲ್ಲ. ಕೆಟ್ಟವನಾಗಿದ್ದರೆ ಬಿಟ್ಟು ಹೋಗಲು ಒಂದು ನೆಪವಾದರೂ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಎರಡು ಪಂದ್ಯಕ್ಕೆ ಹೋದೆ, ಮಗಳು ಹುಟ್ಟಿದ ಮೇಲೆ ಅದೂ ನಿಂತಿತು. ಕಚೇರಿಯಲ್ಲಿ ನನ್ನನ್ನು ಚೆಸ್‌ನವಳು ಎಂದು ಗುರುತಿಸುತ್ತಿದ್ದವರು ಒಬ್ಬೊಬ್ಬರಾಗಿ ರಿಟೈರ್ ಆದರು. ಬೆಳಿಗ್ಗೆ ಗಾಡಿ ಹತ್ತುವುದು, ಟೈಪ್ ಹೊಡೆಯುವುದು, ಸಂಜೆ ಇಳಿಯುವುದು.

ಅಕ್ಕ ಲೈನು ಮನೆ ಬಿಟ್ಟು ತಾಯಿಯನ್ನು ಕರೆದುಕೊಂಡು ಆಂಬೂರಿನ ಕಡೆ ಹೋದಳೆಂದು ಕೇಳಿದೆ. ಅಲ್ಲಿ ಚಪ್ಪಲಿ ಕಾರ್ಖಾನೆಯಲ್ಲಿ ಹೊಲಿಯುವ ಕೆಲಸವಂತೆ. ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿತು. ಗಣಿಯಲ್ಲೂ ಜನ ಕಡಿಮೆಯಾಗುತ್ತಲೇ ಹೋದರು. ಪತ್ರ ಬರೆಯಬೇಕೆಂದು ಎಷ್ಟೋ ಸಲ ಮಿಷನ್ನಿಗೆ ಹಾಳೆ ಹಾಕಿದ್ದೇನೆ. 'ಅಕ್ಕನಿಗೆ' ಎಂದು ಹೊಡೆದು ಹಾಳೆ ಎಳೆದುಬಿಡುತ್ತಿದ್ದೆ.

ಅವಳನ್ನು ಮತ್ತೆ ನೋಡಿದ್ದು ಹತ್ತು ವರ್ಷದ ಮೇಲೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಮಾವನ ಕಣ್ಣಿಗೆ ಪೊರೆ ಬಂದಿತ್ತು, ಬೆಂಗಳೂರಿನಲ್ಲಿ ತೋರಿಸಲು ಹೊರಟಿದ್ದೆವು. ಅವನು ಟೀ ತರುತ್ತೇನೆಂದು ಅಂಗಡಿಯ ಕಡೆ ಹೋದ. ನಾನು ಕೂರಲು ಜಾಗ ಹುಡುಕುತ್ತ ಹೋದರೆ ಬೆಂಚಿನ ಮೇಲೆ ಅಕ್ಕ. ಕೂದಲು ಅರ್ಧ ನರೆತಿತ್ತು. ಬೆನ್ನು ಮಾತ್ರ ಹಾಗೇ ನೆಟ್ಟಗಿತ್ತು. ಲೈನಿನಲ್ಲಿ ಯಾರೋ ಸತ್ತಿದ್ದರಂತೆ, ಬಂದು ವಾಪಸ್ ಹೊರಟಿದ್ದಳು.

"ಕೂತ್ಕೊ ತಂಗಚ್ಚಿ" ಎಂದು ಜಾಗ ಬಿಟ್ಟಳು. ನಿನ್ನೆ ತಾನೇ ಕ್ಲಾಸಿನಲ್ಲಿ ಬಿಟ್ಟು ಹೋದವಳ ಹಾಗೆ. ತಾಯಿ ಹೋಗಿ ಮೂರು ವರ್ಷವಾಯಿತು ಎಂದಳು. ಮದುವೆಯಾಗಿರಲಿಲ್ಲ. ಇನ್ನೆಂದೂ ಸಿಗುವುದಿಲ್ಲ ಅನ್ನಿಸಿ ಹೇಳಿಬಿಟ್ಟೆ.

"ಅಕ್ಕ, ಅವತ್ತು ನೀನ್ ನಮಸ್ಕಾರ ಮಾಡಿದ್ದು ಅಂತ ನಂಗೆ ಗೊತ್ತಿತ್ತು."

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತು" ಎಂದಳು. ಸಿಟ್ಟಿರಲಿಲ್ಲ. "ಎರಡ್ಮೂರು ವರ್ಷ ನಿನ್ನ ಬೈಕೊಂಡೇ ಇದ್ದೆ, ತಮಿಳಲ್ಲಿ. ಆಮೇಲೆ ಯೋಚ್ನೆ ಮಾಡ್ದೆ. ನಾನ್ ಗೆದ್ದಿದ್ರೆ ನಿನ್ನ ಆ ಮಾವಂಗೆ ಕಟ್ಟಿರೋರು. ಓಗ್ಲಿ ಬಿಡು, ನಮ್ಮಿಬ್ರಲ್ಲಿ ಒಬ್ಳಾದ್ರೂ ತಪ್ಪಿಸ್ಕೊಂಡ್ಳಲ್ಲ ಅಂದ್ಕೊಂಡೆ. ಕಾರ್ಖಾನೇಲಿ ಕೈ ನೋವು ಬಂದಾಗೆಲ್ಲಾ ಅದನ್ನೇ ನೆನೆಸ್ಕೊತೀನಿ. ಅದೇ ನಂಗೆ ಸಮಾಧಾನ." ನನ್ನ ಕೈ ಹಿಡಿದುಕೊಂಡಳು. "ತಪ್ಪಿಸ್ಕೊಂಡೆ ತಾನೇ?"

ಹತ್ತು ಹೆಜ್ಜೆ ಆಚೆ ಮಾವ ನಮಗೆ ಬೆನ್ನು ಹಾಕಿ ಟೀ ಅಂಗಡಿಯವನ ಹತ್ತಿರ ಚಿಲ್ಲರೆ ತಡಕುತ್ತಿದ್ದ. ಅವಳು ಅವನನ್ನು ಎಂದೂ ನೋಡಿದವಳಲ್ಲ. ತಿರುಗಿ ಇತ್ತ ಬರದಿರಲಿ ದೇವರೇ ಎಂದು ಬೇಡಿಕೊಂಡೆ.

"ಹೂಂ ಅಕ್ಕ" ಎಂದೆ. "ತಪ್ಪಿಸ್ಕೊಂಡೆ."

"ಅಷ್ಟ್ ಸಾಕು" ಎಂದಳು. ಅವಳ ಗಾಡಿ ಬಂತು. ಚೀಲ ಎತ್ತಿ ಕೊಟ್ಟೆ. ಕಿಟಕಿಯಿಂದ ಕೈ ಆಡಿಸಿದಳು, ನಾನೂ ಆಡಿಸಿದೆ. ಗಾಡಿ ಹೋದ ಮೇಲೆ ಮಾವ ಎರಡು ಕೈಯಲ್ಲಿ ಎರಡು ಲೋಟ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ ಹುಡುಕುತ್ತ ಬಂದ.

"ಯಾರೇ ಅದು?"

"ನಂಗೆ ಟೈಪಿಂಗ್ ಹೇಳ್ಕೊಟ್ಟೋಳು ಮಾವ."

"ಅಂಗಾ? ಒಂದ್ ಕೂಗ್ ಆಕೋದಲ್ವೇನೇ" ಎಂದ. "ಆಯಮ್ಮಂಗೂ ಒಂದ್ ಟೀ ತತ್ತಿದ್ನಲ್ಲ."